ವಿಮಾನದ ಬಣ್ಣ ಬಯಲಾದಾಗ

2022ರ ಜನವರಿಯಲ್ಲಿ ಕತಾರ್ ಏರ್‌ವೇಸ್ ಸಂಸ್ಥೆ ಒಂದು ವಿಡಿಯೊ ಬಿಡುಗಡೆ ಮಾಡಿತು. ವಿಮಾನಯಾನ ಸಂಸ್ಥೆಗಳು ಹೊರತರುವ ಚಿತ್ರಗಳ ಜಾಡು ನಮಗೆಲ್ಲ ಗೊತ್ತು: ಮೋಡಗಳ ಮೇಲೆ ತೇಲುವ ಥಳಥಳಿಸುವ ವಿಮಾನ, ಕೈಜೋಡಿಸಿ ನಿಂತ ಗಗನಸಖಿ, ಹಿನ್ನೆಲೆಯಲ್ಲಿ ಹಿತವಾದ ಸಂಗೀತ. ಈ ವಿಡಿಯೊದಲ್ಲಿ ಅದಾವುದೂ ಇರಲಿಲ್ಲ. ಕ್ಯಾಮೆರಾ ಏರ್‌ಬಸ್ ಎ350 ವಿಮಾನದ ಒಡಲಿಗೆ ಮುಖವಿಟ್ಟು, ಹಕ್ಕಳೆದ್ದ ಬಣ್ಣವನ್ನೂ ಬಿರುಕುಗಳನ್ನೂ ಬೊಕ್ಕೆಗಳಂತೆ ಉಬ್ಬಿ ಸಿಡಿದ ಮೇಲ್ಮೈಯನ್ನೂ ಒಂದೊಂದಾಗಿ ತೋರಿಸಿತ್ತು. ತನ್ನ ಮನೆಯ ಗೋಡೆ ಹೀಗೆ ಕಿತ್ತುಹೋಗಿದೆ ನೋಡಿ ಎಂದು ಮನೆಯೊಡೆಯನೇ ಬೀದಿಗೆ ಬಂದು ಕೂಗಿದಂತಿತ್ತು. ಜಗತ್ತಿನ ಅತ್ಯಂತ ಶ್ರೀಮಂತ, ಅಷ್ಟೇ ಬಿಂಕದ ವಿಮಾನಯಾನ ಸಂಸ್ಥೆಯೊಂದು ತನ್ನ ವಿಮಾನಗಳ ಕುರೂಪವನ್ನು ತಾನೇ ಪ್ರಚಾರ ಮಾಡಿದ್ದನ್ನು ನಾನಂತೂ ಅದಕ್ಕೆ ಮೊದಲು ಕಂಡಿರಲಿಲ್ಲ.

ಪ್ರಕರಣದ ಮೂಲ 2020ರಲ್ಲಿದೆ. ಕತಾರ್‌ನಲ್ಲಿ 2022ಕ್ಕೆ ವಿಶ್ವಕಪ್ ಫುಟ್‌ಬಾಲ್ ನಡೆಯಲಿತ್ತಷ್ಟೆ. ಅದರ ಸಂಭ್ರಮಕ್ಕೆಂದು ಒಂದು ಎ350 ವಿಮಾನವನ್ನು ವಿಶೇಷವಾಗಿ ಸಿಂಗರಿಸಲು ಐರ್ಲೆಂಡಿನ ಶ್ಯಾನನ್‌ಗೆ ಕಳುಹಿಸಲಾಯಿತು. ಹೊಸ ಬಣ್ಣ ಬಳಿಯಬೇಕಾದರೆ ಹಳೆಯದನ್ನು ಕೆರೆಯಬೇಕು. ಕೆರೆದಾಗ ಕೆಳಗಿನ ಮೇಲ್ಮೈ ಸರಿಯಿಲ್ಲದಿರುವುದು ಕಣ್ಣಿಗೆ ಬಿತ್ತು. ಮುಂದೆ ಇತರ ವಿಮಾನಗಳಲ್ಲೂ ಅದೇ ಲಕ್ಷಣಗಳು ಕಾಣಿಸಿದವು. ಕತಾರ್‌ನ ನಾಗರಿಕ ವಿಮಾನಯಾನ ಪ್ರಾಧಿಕಾರ ಒಂದಾದ ಮೇಲೊಂದರಂತೆ 20ಕ್ಕೂ ಹೆಚ್ಚು ವಿಮಾನಗಳ ಹಾರಾಟ ನಿಲ್ಲಿಸಿತು. 2021ರ ಡಿಸೆಂಬರಿನಲ್ಲಿ ಕತಾರ್ ಏರ್‌ವೇಸ್ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿ 60 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೇಳಿತು. ಏರ್‌ಬಸ್ ಸುಮ್ಮನಿರಲಿಲ್ಲ. ಕತಾರ್ ಕೇಳಿಟ್ಟಿದ್ದ 50 ಎ321 ವಿಮಾನಗಳ ಬೇರೊಂದು ಒಪ್ಪಂದವನ್ನೇ ರದ್ದು ಮಾಡಿ ಸೇಡು ತೀರಿಸಿಕೊಂಡಿತು. ಬಣ್ಣದ ಜಗಳ ಎಂದು ಆರಂಭದಲ್ಲಿ ನಕ್ಕವರೆಲ್ಲ ಆಮೇಲೆ ಗಂಭೀರರಾದರು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆಯನ್ನು ಸರಳವಾಗಿ ಹೇಳುವುದಾದರೆ ಇಷ್ಟು: ವಿಮಾನದ ಬಣ್ಣ ಕಿತ್ತು ಬಂದರೆ ಅದು ಅಂದದ ವಿಷಯವೋ, ಜೀವದ ವಿಷಯವೋ? ಅಂದದ ವಿಷಯ ಎಂದಿತು ಏರ್‌ಬಸ್. ಬಣ್ಣದ ಗುಣಮಟ್ಟದಲ್ಲಿ ದೋಷವಿರುವುದನ್ನು ಅದು ಒಪ್ಪಿತು, ಸುರಕ್ಷತೆಗೆ ಕುಂದಿದೆ ಎಂಬುದನ್ನು ಒಪ್ಪಲಿಲ್ಲ. ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆಯೂ ಏರ್‌ಬಸ್ಸಿನ ಮಾತನ್ನೇ ಅನುಮೋದಿಸಿತು. ಕತಾರ್‌ನ ವಾದವೇ ಬೇರೆ. ಎ350 ವಿಮಾನದ ಅರ್ಧಕ್ಕೂ ಹೆಚ್ಚು ಭಾಗ ಲೋಹವಲ್ಲ, ಕಾರ್ಬನ್ ಎಳೆಗಳಿಂದ ನೇಯ್ದು ರಾಳದಲ್ಲಿ ಗಟ್ಟಿಗೊಳಿಸಿದ ವಸ್ತು. ಸಿಡಿಲು ಬಡಿದರೆ ಅಲ್ಯೂಮಿನಿಯಂ ಆ ವಿದ್ಯುತ್ತನ್ನು ಮೈಮೇಲೆಯೇ ಹರಿಯಬಿಟ್ಟು ಬಾಲದ ತುದಿಯಿಂದ ಆಚೆ ದಾಟಿಸಿಬಿಡುತ್ತದೆ. ಕಾರ್ಬನ್ನಿಗೆ ಆ ಶಕ್ತಿ ಕಡಿಮೆ. ಹಾಗಾಗಿ ಬಣ್ಣದ ಕೆಳಗೆ ತೆಳ್ಳನೆಯ ತಾಮ್ರದ ಜಾಲರಿಯೊಂದನ್ನು ಹಾಸಿರುತ್ತಾರೆ. ಬಣ್ಣ ಹೋದರೆ ಜಾಲರಿ ಬೆತ್ತಲಾಗುತ್ತದೆ, ಜಾಲರಿ ಕೆಟ್ಟರೆ ಸಿಡಿಲಿನಿಂದ ರಕ್ಷಣೆ ಏನು ಎಂಬುದು ಕತಾರ್‌ನ ಪ್ರಶ್ನೆ. ಅಗತ್ಯಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಮೊದಲೇ ಒದಗಿಸಿದ್ದೇವೆ ಎಂಬುದು ಏರ್‌ಬಸ್ಸಿನ ಉತ್ತರ. ಕೋವಿಡ್ ಕಾಲದಲ್ಲಿ ಪ್ರಯಾಣಿಕರಿಲ್ಲದೆ ಬೇಡವಾದ ವಿಮಾನಗಳನ್ನು ನಿಲ್ಲಿಸಿ ದುಡ್ಡು ಕೀಳಲು ಹೂಡಿದ ಆಟವಿದು ಎಂಬ ಧಾಟಿಯ ಆರೋಪವೂ ಅದರಿಂದ ಬಂತು.

ತೀರ್ಪು ಬರಲೇ ಇಲ್ಲ. ವಿಚಾರಣೆಗೆ ಇನ್ನು ಕೆಲವೇ ತಿಂಗಳುಗಳಿದ್ದಾಗ, 2023ರ ಫೆಬ್ರುವರಿ 1ರಂದು ಇಬ್ಬರೂ ರಾಜಿಯಾದರು. ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ. ರದ್ದಾದ ಒಪ್ಪಂದ ಮತ್ತೆ ಜೀವ ಪಡೆಯಿತು. ರಾಜಿಯ ಷರತ್ತುಗಳು ಗೋಪ್ಯ. ಅಂದವೋ ಜೀವವೋ ಎಂಬ ಪ್ರಶ್ನೆಗೆ ಉತ್ತರ ಕೇಳಲು ಕಾದಿದ್ದ ನಮ್ಮಂಥವರು ಕಾದೇ ಉಳಿದೆವು.

ಈ ಬಣ್ಣವೆಂಬುದಾದರೂ ಏನು? ಎಲ್ಲ ಪದರಗಳೂ ಸೇರಿದರೆ ಕೂದಲೆಳೆಯಷ್ಟೋ ಅದಕ್ಕಿಂತ ತುಸು ಹೆಚ್ಚೋ ದಪ್ಪ. ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಲೇಪ. ಅಲ್ಯೂಮಿನಿಯಂ ವಿಮಾನಗಳಲ್ಲಿ ತುಕ್ಕನ್ನು ತಡೆಯುವ ನಿಜವಾದ ಕಾವಲುಗಾರ ಕೆಳಗಿನ ಪ್ರೈಮರ್. ಅದರಲ್ಲಿ ದಶಕಗಳಿಂದ ಬಳಸುತ್ತ ಬಂದಿರುವ ಕ್ರೋಮಿಯಂ ಲವಣಗಳು ಕ್ಯಾನ್ಸರ್‌ಕಾರಕ ಎಂಬುದು ಸಾಬೀತಾಗಿದೆ. ವಿಮಾನ ಹೊಳೆಯಲೆಂದು ಮುಖಗವಸು ತೊಟ್ಟು ಅದನ್ನು ಕೆರೆಯುವ, ಬಳಿಯುವ ಕಾರ್ಮಿಕರ ಶ್ವಾಸಕೋಶದ ಬಗ್ಗೆ ಯಾವ ಸಂಸ್ಥೆಯೂ ಜಾಹೀರಾತು ಕೊಟ್ಟದ್ದಿಲ್ಲ. ಅದು ಬೇರೆಯೇ ಲೇಖನದ ವಸ್ತು, ಇರಲಿ. ಜಂಬೊ ವಿಮಾನ ಬೋಯಿಂಗ್ 747ರ ಮೈಮೇಲಿನ ಬಣ್ಣವೇ ಸುಮಾರು 250 ಕಿಲೋ ತೂಗುತ್ತದೆ. ಅಂದರೆ ಮೂರು-ನಾಲ್ಕು ಪ್ರಯಾಣಿಕರು ಟಿಕೆಟ್ ಕೊಳ್ಳದೆ ಹೊರಮೈಗೆ ಅಂಟಿಕೊಂಡು ಪ್ರತಿ ಪ್ರಯಾಣದಲ್ಲೂ ಬಂದಂತೆ. ಅಮೆರಿಕನ್ ಏರ್‌ಲೈನ್ಸ್ ದಶಕಗಳ ಕಾಲ ತನ್ನ ವಿಮಾನಗಳ ಒಡಲಿಗೆ ಬಣ್ಣವನ್ನೇ ಬಳಿಯದೆ, ಉಜ್ಜಿ ಬೆಳಗಿದ ಬೆಳ್ಳಿ ತಂಬಿಗೆಯಂತೆ ಹಾರಿಸುತ್ತಿದ್ದುದಕ್ಕೆ ತೂಕದ ಉಳಿತಾಯವೂ ಒಂದು ಕಾರಣ. ಕಾರ್ಬನ್ ವಿಮಾನಗಳ ಕಾಲ ಬಂದಾಗ ಆ ಲೆಕ್ಕ ನಿಂತುಹೋಯಿತು. ಕಾರ್ಬನ್ನನ್ನು ಎಷ್ಟು ಉಜ್ಜಿದರೂ ಅದು ಬೆಳಗುವುದಿಲ್ಲ, ಬಿಸಿಲಿಗೆ ಬಿಟ್ಟರೆ ಕೆಡುತ್ತದೆ. 2013ರಲ್ಲಿ ಆ ಸಂಸ್ಥೆಯೂ ಬೆಳ್ಳಿಯ ಬಣ್ಣದ ಡಬ್ಬಿಗೆ ಕೈಹಾಕಬೇಕಾಯಿತು.

ಹಾರುವಾಗ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿಗೂ ಹೆಚ್ಚು ಕೆಳಗಿನದು. ಇಳಿದು ನಿಂತರೆ ಮರುಭೂಮಿಯ ಕೆಂಡದಂಥ ಬಿಸಿಲು. ದಿನಕ್ಕೆ ಒಂದೆರಡು ಸಲ ಹೀಗೆ ಮೈ ಹಿಗ್ಗಿ ಕುಗ್ಗಬೇಕು. ತಾಮ್ರ ಒಂದು ಲೆಕ್ಕದಲ್ಲಿ ಹಿಗ್ಗುತ್ತದೆ, ಕಾರ್ಬನ್ ಇನ್ನೊಂದು ಲೆಕ್ಕದಲ್ಲಿ, ಬಣ್ಣ ಮತ್ತೊಂದು ಲೆಕ್ಕದಲ್ಲಿ. ಒಂದೇ ಸೂರಿನಡಿ ಮೂವರು ಮೂರು ದಿಕ್ಕಿಗೆ ಎಳೆದರೆ ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು. ಎ350ರ ಕಥೆ ಹೆಚ್ಚುಕಡಿಮೆ ಇದೇ. ಬೋಯಿಂಗ್ 787ರ ರೆಕ್ಕೆಗಳ ಬಣ್ಣ ಎದ್ದುಬಂದದ್ದಕ್ಕೆ ಕಾರಣ ಸೂರ್ಯನ ಅತಿನೇರಳೆ ಕಿರಣ. ಅಲ್ಲಲ್ಲಿ ಬಣ್ಣ ಹೋದ ಕಡೆ ಕೆಳಗಿನ ವಸ್ತು ಕೆಡದಿರಲೆಂದು ಸಂಸ್ಥೆಗಳು ಅಲ್ಯೂಮಿನಿಯಂ ಟೇಪಿನ ತೇಪೆ ಹಾಕಿ ಹಾರಿಸಿದವು. ನಿಯಮಗಳು ಅದಕ್ಕೆ ಅವಕಾಶ ಕೊಡುತ್ತವೆ. ಆ ಟೇಪು ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯಲ್ಲ, ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಗಾಳಿಗೂ ಕದಲದಂಥದ್ದು.

ಇದು ನನಗೆ ಗೊತ್ತಿತ್ತು, ನನ್ನ ಪಕ್ಕದ ಆಸನದಲ್ಲಿದ್ದ ಅಜ್ಜಿಗೆ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಹೊರಟ ದೀರ್ಘ ಪ್ರಯಾಣ ಅದು. ಧಾರವಾಡದ ಕಡೆಯವರು, ವಿದೇಶದಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದರು. ಕಿಟಕಿಯಾಚೆ ರೆಕ್ಕೆಯ ಮೇಲೆ ಬೆಳ್ಳಿಯ ಬಣ್ಣದ ಹತ್ತಾರು ಪಟ್ಟಿಗಳು.

‘ತಮ್ಮಾ, ರೆಕ್ಕಿಗೆ ಪಟ್ಟಿ ಹಚ್ಚ್ಯಾರಲ್ಲೋ, ಮುರದೈತೇನು?’ ಎಂದರು.

‘ಇಲ್ಲಮ್ಮ, ಮೇಲಿನ ಬಣ್ಣ ಕಿತ್ತುಬಂದಿದೆ ಅಷ್ಟೇ.’

‘ಹಂಗಾದ್ರ ಬಣ್ಣಾನ ಹಚ್ಚಬೇಕಿತ್ತಲ್ಲ, ಪಟ್ಟಿ ಯಾಕ ಹಚ್ಚ್ಯಾರ?’

ನನ್ನಲ್ಲಿ ಉತ್ತರವಿರಲಿಲ್ಲ. ಗಗನಸಖಿಯನ್ನು ಕರೆದು ಕೇಳಿದೆ. ಅದು ಸಾಮಾನ್ಯ, ಚಿಂತೆ ಬೇಡ ಎಂದಷ್ಟೇ ಹೇಳಿ ಮುಂದೆ ಹೋದಳು. ಅವಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಅಜ್ಜಿ ಕಿಟಕಿಯ ಪರದೆ ಎಳೆದು ಸರದ ಮಣಿ ಎಣಿಸತೊಡಗಿದರು. ಅವರ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ಏಕೆಂದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಒಂದು ವಿಮಾನಕ್ಕೆ ಬಣ್ಣ ಬಳಿಯಲು ವಾರಕ್ಕೂ ಹೆಚ್ಚು ಕಾಲ ಅದನ್ನು ಹ್ಯಾಂಗರಿನಲ್ಲಿ ನಿಲ್ಲಿಸಬೇಕು. ನಿಂತ ವಿಮಾನ ದುಡಿಯುವುದಿಲ್ಲ. ಆದ್ದರಿಂದಲೇ ಪಟ್ಟಿ. ಅಜ್ಜಿ ಊಹಿಸಿದ್ದು ರೆಕ್ಕೆಯ ಮುರಿತವನ್ನು, ಅದು ತಪ್ಪು. ಆದರೆ ಮಾಡಬೇಕಾದ ಕೆಲಸವನ್ನು ಮುಂದೂಡಿದ್ದಾರೆ ಎಂಬ ಅವರ ಗ್ರಹಿಕೆ ನೂರಕ್ಕೆ ನೂರು ಸರಿ.

ಇಲ್ಲಿ ವಿಮಾನಯಾನದ ಮಂದಿ ಒಂದು ಸಿದ್ಧ ಉತ್ತರ ಕೊಡುತ್ತಾರೆ: ಪ್ರಯಾಣಿಕರಿಗೆ ತಾಂತ್ರಿಕ ಜ್ಞಾನವಿಲ್ಲ, ಅವರು ಬಣ್ಣ ನೋಡಿ ವಿಮಾನದ ಆರೋಗ್ಯ ಅಳೆಯುತ್ತಾರೆ. ಹೌದು, ಅಳೆಯುತ್ತಾರೆ. ಆದರೆ ಹಾಗೆ ಅಳೆಯುವುದನ್ನು ಅವರಿಗೆ ಕಲಿಸಿದವರು ಯಾರು?

ನಮ್ಮ ಏರ್ ಇಂಡಿಯಾವನ್ನೇ ನೋಡಿ. 1971ರಲ್ಲಿ ಜಂಬೊ ವಿಮಾನಗಳು ಬಂದಾಗ ಒಂದೊಂದು ಕಿಟಕಿಯ ಸುತ್ತಲೂ ರಾಜಸ್ಥಾನದ ಅರಮನೆಗಳ ಝರೋಕಾ ಬರೆಸಿ, ಇದು ಆಕಾಶದಲ್ಲಿರುವ ನಿಮ್ಮ ಅರಮನೆ ಎಂದಿತು ಆ ಸಂಸ್ಥೆ. ತಗಡಿನ ಮೇಲಿನ ಕೆಂಪು ಗೆರೆಗಳನ್ನು ನಾವು ಆತಿಥ್ಯ ಎಂದು ಓದಿದೆವು. 1989ರಲ್ಲಿ ಅದನ್ನು ಅಳಿಸಿ, ಬಿಳಿಯ ಮೈ, ಕೆಂಪು ಬಾಲ, ಚಿನ್ನದ ಚಕ್ರದ ಹೊಸ ವಿನ್ಯಾಸ ತಂದಾಗ ಜನ ಒಪ್ಪಲಿಲ್ಲ. ಟೀಕೆಗೆ ಮಣಿದು ಹಳೆಯ ಝರೋಕಾಗಳನ್ನೇ ಮರಳಿ ತರಬೇಕಾಯಿತು. ಬ್ರಿಟಿಷರ ಕಥೆ ಇನ್ನೂ ರಂಜಕ. 1997ರಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ವಿಮಾನಗಳ ಬಾಲದ ಮೇಲಿನ ರಾಷ್ಟ್ರಧ್ವಜದ ಬಣ್ಣಗಳನ್ನು ಅಳಿಸಿ ನಾನಾ ದೇಶಗಳ ಕಲಾಕೃತಿಗಳನ್ನು ಬರೆಸಿತು. ಮಾರ್ಗರೆಟ್ ಥ್ಯಾಚರ್ ತಮ್ಮ ಪಕ್ಷದ ಸಮ್ಮೇಳನದಲ್ಲಿ ಆ ವಿಮಾನದ ಮಾದರಿಯೊಂದನ್ನು ಕಂಡವರೇ, ಕೈಚೀಲದಿಂದ ಕರವಸ್ತ್ರ ತೆಗೆದು ಅದರ ಬಾಲಕ್ಕೆ ಮುಸುಕು ಹಾಕಿದರು. ಎರಡೇ ವರ್ಷಗಳಲ್ಲಿ ಆ ಯೋಜನೆ ನಿಂತಿತು.

ಬೆಂಗಳೂರಿಗರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿದರು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’, ಆ ಚೌಕಳಿ ಕೋಟಿನ ಮೌನಿ, ಅದರ ಲಾಂಛನವಾದ. ವಿಮಾನ ಹತ್ತುವುದು ನಿನ್ನ ಕೈಲೂ ಆದೀತು ಎಂದು ಆ ಚಿತ್ರ ಹಳ್ಳಿಯವನಿಗೂ ಹೇಳುತ್ತಿತ್ತು. 2007ರಲ್ಲಿ ಆ ಸಂಸ್ಥೆ ಕಿಂಗ್‌ಫಿಷರ್‌ನ ಕೈಸೇರಿತು. ಕಾಮನ್ ಮ್ಯಾನ್ ಮರೆಯಾದ, ಕೆಂಪು ಮಿಂಚುಳ್ಳಿ ಬಂದು ಕೂತಿತು. ಸಂಸ್ಥೆಯ ಹೆಸರೇ ಕಿಂಗ್‌ಫಿಷರ್ ರೆಡ್ ಎಂದಾಯಿತು. ಬಣ್ಣವನ್ನೇ ಹೆಸರಾಗಿಸಿಕೊಂಡವರು ಬಣ್ಣ ಬರೀ ಅಲಂಕಾರ ಎಂದರೆ ನಂಬುವುದು ಹೇಗೆ? 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತ ಮೇಲೆ ವಿಮಾನ ನಿಲ್ದಾಣಗಳ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತ ಆ ಕೆಂಪು ವಿಮಾನಗಳ ಚಿತ್ರ, ಸಂಬಳ ಸಿಗದ ನೌಕರರ ಗೋಳಿಗೂ ಬ್ಯಾಂಕುಗಳ ಸಾಲದ ಕಥೆಗೂ ಮುಖಚಿತ್ರವಾಯಿತು. ಬ್ಯಾಲೆನ್ಸ್ ಶೀಟು ಓದಲು ಬಾರದವರಿಗೂ ಆ ಸವೆದ ಕೆಂಪು ಓದಲು ಬಂತು.

ಸಾರ್ವಜನಿಕರು ಬಣ್ಣದಿಂದ ಅಳೆಯುತ್ತಾರೆಂಬ ಭಯ ಸಂಸ್ಥೆಗಳಿಗೆ ಎಷ್ಟಿದೆಯೆಂಬುದಕ್ಕೆ ಥಾಯ್ ಏರ್‌ವೇಸ್ ಸಾಕ್ಷಿ. 2013ರ ಸೆಪ್ಟೆಂಬರ್ 8ರಂದು ಅದರ ಎ330 ವಿಮಾನವೊಂದು ಬ್ಯಾಂಕಾಕಿನಲ್ಲಿ ಇಳಿಯುವಾಗ ರನ್‌ವೇಯಿಂದ ಜಾರಿತು. ಸುದ್ದಿಯ ಕ್ಯಾಮೆರಾಗಳ ಕಣ್ಣೆದುರೇ ಕೆಲಸಗಾರರು ಏಣಿ ಹತ್ತಿ ಬಾಲದ ಮೇಲಿನ ಲಾಂಛನಕ್ಕೂ ಒಡಲಿನ ಹೆಸರಿಗೂ ಕಪ್ಪು ಬಳಿದರು. ಅಪಘಾತದ ಸುದ್ದಿಗಿಂತ ಕಪ್ಪು ಬಳಿದ ಸುದ್ದಿ ಜಗತ್ತಿನಾದ್ಯಂತ ಹೆಚ್ಚು ಓಡಾಡಿತು. ಬಣ್ಣದಿಂದ ಹೆಸರು ಗಳಿಸಿದವರು ಬಣ್ಣದಿಂದಲೇ ಹೆಸರು ಮುಚ್ಚಿಕೊಳ್ಳಲು ಹೋದದ್ದು ಸಹಜವೇ ಇರಬಹುದು.

ಹೀಗಿರುವಾಗ ಬಣ್ಣ ಕಿತ್ತಾಗ ಮಾತ್ರ ‘ಅದು ಬರೀ ಮೇಲ್ಮೈ, ಒಳಗೆಲ್ಲ ಸರಿಯಿದೆ’ ಎನ್ನುವ ಹಕ್ಕು ಈ ಸಂಸ್ಥೆಗಳಿಗಿಲ್ಲ ಎಂಬುದು ನನ್ನ ತಕರಾರು. ಹೊಳಪನ್ನು ಗುಣವೆಂದು ಮಾರಿದವರು ಮಂಕನ್ನೂ ಗುಣವೆಂದೇ ಲೆಕ್ಕಕ್ಕೆ ಹಿಡಿಯಬೇಕು. ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಮೆರಿಕದ ಅಗ್ಗದ ವಿಮಾನ ಸಂಸ್ಥೆಯನ್ನು ಕಟ್ಟಿದ ಡೊನಾಲ್ಡ್ ಬರ್ 1980ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. ಊಟದ ಹಲಗೆಯ ಮೇಲೆ ಕಾಫಿಯ ಕಲೆ ಉಳಿದಿದ್ದರೆ, ಎಂಜಿನ್ನನ್ನೂ ಇವರು ಹೀಗೆಯೇ ನೋಡಿಕೊಳ್ಳುತ್ತಾರೆಂದು ಪ್ರಯಾಣಿಕ ತೀರ್ಮಾನಿಸುತ್ತಾನೆ ಎಂಬುದು ಅವರ ತಿಳಿವಳಿಕೆಯ ಸಾರ. ಎಂಜಿನ್ ನೋಡಲು ಪ್ರಯಾಣಿಕನಿಗೆ ಅವಕಾಶವಿಲ್ಲ. ದುರಸ್ತಿಯ ದಾಖಲೆಗಳನ್ನು ಅವನಿಗೆ ಯಾರೂ ತೋರಿಸುವುದಿಲ್ಲ. ಅವನ ಕಣ್ಣಿಗೆ ಸಿಕ್ಕುವ ನಿರ್ವಹಣೆ ಎರಡೇ: ಕುಳಿತ ಆಸನ ಮತ್ತು ಕಿಟಕಿಯಾಚೆಯ ಬಣ್ಣ.

ಈ ಕಣ್ಣನ್ನು ಪೂರ್ತಿ ನಂಬಬೇಕೆಂದು ನಾನು ಹೇಳುತ್ತಿಲ್ಲ. 1996ರ ಅಕ್ಟೋಬರ್ 2ರಂದು ಏರೊಪೆರು ಸಂಸ್ಥೆಯ ಬೋಯಿಂಗ್ 757 ವಿಮಾನವೊಂದು ಲಿಮಾದಿಂದ ರಾತ್ರಿ ಹೊರಟಿತು. ಹೊರಡುವ ಮುನ್ನ ಅದನ್ನು ತೊಳೆದು ಉಜ್ಜಿ ಹೊಳಪು ಕೊಟ್ಟಿದ್ದರು. ಗಾಳಿಯ ಒತ್ತಡ ಅಳೆಯುವ ಪುಟ್ಟ ರಂಧ್ರಗಳಿಗೆ ನೀರು ಹೋಗದಿರಲೆಂದು ಅಂಟಿಸಿದ್ದ ಟೇಪನ್ನು ಕೆಲಸ ಮುಗಿದ ಮೇಲೆ ತೆಗೆಯಲು ಮರೆತರು. ಕತ್ತಲಲ್ಲಿ, ಸಮುದ್ರದ ಮೇಲೆ, ಎಷ್ಟು ಎತ್ತರದಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಎಂಬುದೇ ಪೈಲಟ್‌ಗಳಿಗೆ ತಿಳಿಯಲಿಲ್ಲ. ವಿಮಾನದಲ್ಲಿದ್ದ 70 ಮಂದಿಯೂ ಸತ್ತರು. ಮಿರುಗುವ ವಿಮಾನ ಅದು, ಅದರ ಹೊರಮೈ ಕಂಡು ಯಾರೂ ಅಳುಕಿರಲಾರರು. ಹೊಸ ಬಣ್ಣವೂ ಅಪಾಯಮುಕ್ತವಲ್ಲ. ಬಾಲದ, ರೆಕ್ಕೆಯ ಚಲಿಸುವ ಭಾಗಗಳಿಗೆ ಬಣ್ಣ ಬಳಿದ ಮೇಲೆ ಅವುಗಳ ತೂಕದ ಸಮತೋಲವನ್ನು ಮತ್ತೆ ಪರೀಕ್ಷಿಸಬೇಕು, ಇಲ್ಲವಾದರೆ ವೇಗದಲ್ಲಿ ಅವು ಅದುರತೊಡಗುವ ಭಯವಿದೆ.

ಅಂದಮಾತ್ರಕ್ಕೆ ಕಣ್ಣು ದಡ್ಡನೆಂದೂ ಅಲ್ಲ. ಹವಾಯಿ ದ್ವೀಪಗಳಲ್ಲಿ 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಹಾರುತ್ತಿದ್ದಾಗಲೇ ಅದರ ಮುಂಭಾಗದ ಛಾವಣಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಆಕಾಶಕ್ಕೆ ಸೆಳೆಯಲ್ಪಟ್ಟರು. ಉಳಿದವರೊಂದಿಗೆ ವಿಮಾನ ಹೇಗೋ ಇಳಿಯಿತು. ಉಪ್ಪುಗಾಳಿಯಲ್ಲಿ 19 ವರ್ಷ ದುಡಿದು, ಕೀಲಿಸಿದ ಕಡೆಗಳಲ್ಲಿ ತುಕ್ಕು ಹಿಡಿದು ದಣಿದಿದ್ದ ಲೋಹ ಅದು. ತನಿಖೆಯ ವೇಳೆ ಒಂದು ಸಂಗತಿ ಹೊರಬಂತು. ವಿಮಾನ ಹತ್ತುವಾಗ ಬಾಗಿಲ ಬಳಿ ಒಬ್ಬ ಪ್ರಯಾಣಿಕರು ಒಡಲಿನ ಮೇಲೆ ಬಿರುಕೊಂದನ್ನು ಕಂಡಿದ್ದರು. ಕಂಡು, ಯಾರಿಗೂ ಹೇಳದೆ ಒಳಗೆ ಹೋಗಿ ಕುಳಿತಿದ್ದರು. ತಜ್ಞರ ವಿಷಯದಲ್ಲಿ ನಾವು ಮೂಗು ತೂರಿಸುವುದೇಕೆ ಎಂಬ ಸಂಕೋಚವಿದ್ದಿರಬಹುದು. ಆ ಸಂಕೋಚ ನಮಗೆಲ್ಲ ಇದೆ. ಅದನ್ನು ಹೆಚ್ಚಿಸುವುದು ‘ಚಿಂತೆ ಬೇಡ’ ಎಂಬ ಉತ್ತರ.

ಈಗ ಏರ್ ಇಂಡಿಯಾ ಮತ್ತೆ ಬಣ್ಣ ಬದಲಿಸುತ್ತಿದೆ. 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಗೆ ಮರಳಿದ ಸಂಸ್ಥೆ, 2023ರ ಆಗಸ್ಟಿನಲ್ಲಿ ಹೊಸ ಲಾಂಛನ ಪ್ರಕಟಿಸಿತು. ಹಳೆಯ ಝರೋಕಾದ ಕಮಾನೇ ಚಿನ್ನದ ಗೆರೆಯಾಗಿ ಅಲ್ಲಿ ಉಳಿದಿದೆ, ಜೊತೆಗೆ ಕೆಂಪೂ ಬದನೆಕಾಯಿಯ ನೇರಳೆಯೂ. ಹೊಸ ಬಣ್ಣದ ಮೊದಲ ಎ350 ವಿಮಾನಗಳು ಮೂಲತಃ ರಷ್ಯಾದ ಏರೋಫ್ಲೋಟ್‌ಗೆಂದು ತಯಾರಾಗಿದ್ದಂಥವು. 2024ರ ಜನವರಿಯಲ್ಲಿ ಅವು ಬೆಂಗಳೂರೂ ಸೇರಿದಂತೆ ದೇಶದ ಕೆಲವು ನಗರಗಳ ನಡುವೆ ಹಾರಾಟ ಆರಂಭಿಸಿದವು. ನೋಡಲು ಚೆಂದವೇ, ಅನುಮಾನವಿಲ್ಲ. ಆದರೆ ಅದೇ ಸಂಸ್ಥೆಯ ಹಳೆಯ ದೊಡ್ಡ ವಿಮಾನಗಳಲ್ಲಿ ಹರಿದ ಆಸನ, ಕೆಟ್ಟ ಪರದೆಗಳ ದೂರು ವರ್ಷಗಟ್ಟಲೆ ನಿಲ್ಲಲಿಲ್ಲ. ಅವುಗಳ ಒಳಾಂಗಣ ಬದಲಿಸಲು 2022ರ ಡಿಸೆಂಬರಿನಲ್ಲಿ 40 ಕೋಟಿ ಡಾಲರುಗಳ ಯೋಜನೆ ಘೋಷಣೆಯಾಯಿತು. ಆಸನಗಳ ಪೂರೈಕೆ ತಡವಾಗಿ ಯೋಜನೆ ಕುಂಟಿತು. ಬಣ್ಣ ಬಾಟಲಿಯಿಂದ ಬರುತ್ತದೆ, ಆಸನ ಕಾರ್ಖಾನೆಯಿಂದ ಬರಬೇಕು. ಮೊದಲನೆಯದು ಸದಾ ಬೇಗ ಬರುತ್ತದೆ.

ಹೊಸ ಲಾಂಛನಕ್ಕೆ ಸಭೆ ಕರೆದು ಗೆರೆಗೆರೆಯ ಅರ್ಥ ವಿವರಿಸುವ ಸಂಸ್ಥೆಗಳಿಗೆ, ರೆಕ್ಕೆಯ ಮೇಲಿನ ಪಟ್ಟಿಯ ಅರ್ಥ ವಿವರಿಸುವುದು ಅಷ್ಟೊಂದು ಕಷ್ಟವೇ? ಹೊರಡುವ ಮುನ್ನ ಸೀಟುಪಟ್ಟಿ ಬಿಗಿಯುವುದನ್ನು ಮೂರು ಭಾಷೆಗಳಲ್ಲಿ ಹೇಳುತ್ತಾರೆ. ಎಡಗಡೆಯ ರೆಕ್ಕೆಯ ಮೇಲೆ ಬಣ್ಣ ಹೋಗಿದೆ, ಟೇಪು ಹಾಕಿದ್ದೇವೆ, ನಿಯಮದಲ್ಲಿ ಇದಕ್ಕೆ ಅನುಮತಿಯಿದೆ, ಇಂಥ ತಿಂಗಳಲ್ಲಿ ಹೊಸ ಬಣ್ಣ ಬಳಿಯುತ್ತೇವೆ ಎಂದು ಪೈಲಟ್ ಹೇಳಲಿ. ಅರ್ಧ ನಿಮಿಷದ ಮಾತು. ತಿಂಗಳನ್ನು ಹೆಸರಿಸುವುದು ಮಾತ್ರ ಅವರಿಗೆ ಕಷ್ಟವಾದೀತು.